ಜೋಪಾನಪ್ಪನ ಎಕ್ಸಾಸ್ಟ್ ಬ್ರೇಕು

ಜೋಪಾನಪ್ಪನಿಗೆ ಆ ಹೆಸರಿಟ್ಟವಳು ಅವನ ಹೆಂಡತಿಯೇ. ಮದುವೆಯಲ್ಲಿ ಉಡುಗೊರೆ ಬಂದ ಗಾಜಿನ ಲೋಟಗಳನ್ನು ಇಪ್ಪತ್ತೊಂಬತ್ತು ವರ್ಷ ಡಬ್ಬಿಯಿಂದ ಹೊರಗೆ ತೆಗೆಯದ ಗಂಡನಿಗೆ ಇನ್ನೇನು ಹೆಸರಿಟ್ಟಾಳು? ಮೊದಮೊದಲು ಅಡುಗೆಮನೆಯಲ್ಲಷ್ಟೇ ಇದ್ದ ಹೆಸರು ಹೇಗೋ ಹೊಸಿಲು ದಾಟಿ ಬೀದಿಗೆ ಬಂತು, ಬೀದಿಯಿಂದ ಗ್ಯಾರೇಜಿಗೆ ಹೋಯಿತು. ಈಗ ಬೆಟ್ಟದ ಮೇಲಿನ ಕಲ್ಲುಗಣಿಯಲ್ಲಿ ಲೋಡಿನ ಚೀಟಿಯ ಮೇಲೂ ಹಾಗೇ ಬರೆಯುತ್ತಾರೆ. ಅವನ ಬೀರುವಿನಲ್ಲಿ ಮಡಿಕೆ ಬಿಚ್ಚದ ಹೊದಿಕೆಗಳಿವೆ, ಸುತ್ತಿದ ಕಾಗದ ಸುತ್ತಿದ ಹಾಗೇ ಇರುವ ಚಪ್ಪಲಿ ಇದೆ. ಪಿಕಪ್ ಗಾಡಿ ಕೊಂಡು ಎಂಟು ವರ್ಷವಾಯಿತು, ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿಲ್ಲ. ಬೇಸಿಗೆಯಲ್ಲಿ ಕೂತವರ ಬೆನ್ನು ಬೆಂದು ಹೋಗುತ್ತದೆ. ಕೇಳಿದರೆ, "ಸೀಟು ಹೊಸದಾಗೇ ಇರುತ್ತಲ್ಲ" ಅನ್ನುತ್ತಾನೆ. ಯಾರಿಗೋಸ್ಕರ ಹೊಸದಾಗಿರಬೇಕು ಎಂದರೆ ಪ್ಲಾಸ್ಟಿಕ್ಕಿನ ಮೇಲಿನ ಧೂಳು ಒರೆಸುತ್ತಾನೆ.

ಇಂಥವನು ಆ ಬೆಳಿಗ್ಗೆ ತನ್ನದೇ ಗಾಡಿಯ ಪಕ್ಕದ ಸೀಟಿನಲ್ಲಿ, ಆ ಪ್ಲಾಸ್ಟಿಕ್ಕಿನ ಮೇಲೆ, ಬೆವರುತ್ತ ಕೂತಿದ್ದ. ಬೆವರಿಗೆ ಬಿಸಿಲು ಕಾರಣವಲ್ಲ, ಬಿಸಿಲಿನ್ನೂ ಏರಿರಲಿಲ್ಲ. ಬಲ ಮಂಡಿಗೆ ಆಪರೇಷನ್ ಆಗಿ ಮೂರು ವಾರವಾಗಿತ್ತು. ಇನ್ನೂ ಎರಡು ತಿಂಗಳು ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಕೆಳಗಿನ ಊರಿನ ಆಸ್ಪತ್ರೆಯ ಮೆಟ್ಟಿಲಿಗೆ ಕಲ್ಲುಚಪ್ಪಡಿ ಇವತ್ತೇ ಬೇಕಿತ್ತು. ಕಲ್ಲು ಕೂರಿಸುವವರು ಅಲ್ಲಿ ಕೈಕಟ್ಟಿ ಕೂತಿದ್ದರು. ಬಾಡಿಗೆ ಡ್ರೈವರ್ ಒಬ್ಬನನ್ನು ಕರೆಯೋಣವೆಂದು ಅವನು ಯೋಚಿಸುತ್ತಿರುವಾಗಲೇ, ರಜೆ ಹಾಕಿ ಅಪ್ಪನ ಆರೈಕೆಗೆ ಬಂದಿದ್ದ ಮಗಳು ಕೀಲಿ ಕೈಗೆತ್ತಿಕೊಂಡಿದ್ದಳು.

"ನಾನಿದ್ದೀನಲ್ಲ ಅಪ್ಪ. ಮೊದಲಾಗಿದ್ರೆ ಆ ಇಳಿಜಾರಲ್ಲಿ ಲೋಡ್ ಗಾಡಿ ಇಳಿಸು ಅಂದ್ರೆ ಕೈಮುಗೀತಿದ್ದೆ. ಈಗ ಎಕ್ಸಾಸ್ಟ್ ಬ್ರೇಕ್ ಇದೆ, ಇನ್ನೇನು ಭಯ?"

ಈ ಒಂದು ಮಾತಿಗೇ ಅವನಿಗೆ ಬೆವರು ಕಿತ್ತುಕೊಂಡಿದ್ದು.

ಅದೇನೆಂದು ತಿಳಿಯದವರಿಗೆ ಎರಡು ಮಾತು. ಡೀಸೆಲ್ ಗಾಡಿಯ ಹೊಗೆಕೊಳವೆಯೊಳಗೆ ತಟ್ಟೆಯಂಥ ಒಂದು ಸಣ್ಣ ಬಾಗಿಲು ಕೂರಿಸುತ್ತಾರೆ. ಇಳಿಜಾರಿನಲ್ಲಿ ಸ್ವಿಚ್ ಹಾಕಿ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಗೆ ಹೋಗಬೇಕಾದ ಹೊಗೆ ಒಳಗೇ ಒತ್ತಿ ನಿಂತು ಇಂಜಿನ್ನಿನ ಓಟ ತಗ್ಗಿಸುತ್ತದೆ, ಇಂಜಿನ್ನು ಗಾಲಿಗಳ ಓಟ ತಗ್ಗಿಸುತ್ತದೆ. ಗಾಡಿ ಗೇರಿನಲ್ಲಿರಬೇಕು, ಕ್ಲಚ್ ತುಳಿಯಬಾರದು, ಅಷ್ಟೇ. ಕಾಲಿನ ಬ್ರೇಕಿಗೆ ಕೆಲಸ ಕಡಿಮೆಯಾಗಿ ಅದು ಕಾಯದೆ ತಣ್ಣಗಿರುತ್ತದೆ. ಒಂದೇ ಒಂದು ತೊಂದರೆಯೆಂದರೆ ಸದ್ದು: ಗಾಡಿಯ ಹೊಟ್ಟೆಯೊಳಗೆ ಯಾರೋ ಸಿಟ್ಟಾಗಿ ಗುರುಗುಟ್ಟಿದ ಹಾಗಿರುತ್ತದೆ.

ಮೂರೂವರೆ ವರ್ಷದ ಹಿಂದೆ ಜೋಪಾನಪ್ಪ ಲೋಡು ಹೊತ್ತು ಇಳಿಯುವಾಗ ಬ್ರೇಕು ಕಾದು, ಬೆಟ್ಟದ ಬುಡದ ರೈಲ್ವೆ ಗೇಟಿಗೆ ಗೇಣುದ್ದ ಇರುವಾಗ ಗಾಡಿ ನಿಂತಿತ್ತು. ಗೇಟು ಹಾಕಿತ್ತು, ರೈಲು ಹಾಯುತ್ತಿತ್ತು. ಅವನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಗೇಟು ಕಾಯುವವಳು ಊರಿಗೆಲ್ಲ ಹೇಳಿದಳು, ಸುದ್ದಿ ಮಗಳವರೆಗೂ ಮುಟ್ಟಿತು. ಅವಳು ಮುಂದಿನ ರಜೆಗೆ ಬಂದವಳೇ, ಅಪ್ಪನನ್ನು ಒಂದು ಮಾತೂ ಕೇಳದೆ, ತನ್ನ ಓವರ್‌ಟೈಮಿನ ಸಂಪಾದನೆಯಲ್ಲಿ ಎಕ್ಸಾಸ್ಟ್ ಬ್ರೇಕ್ ಹಾಕಿಸಿ ಹೋದಳು. ಹಾಕಿದ ಮೆಕ್ಯಾನಿಕ್ಕು ಬಿಡಿಸಿ ಹೇಳಿದ್ದ: "ದಿನಾ ಉಪಯೋಗಿಸಿ ಯಜಮಾನ್ರೇ. ಸುಮ್ನೆ ಬಿಟ್ರೆ ಮಸಿ ಕಟ್ಟಿ ಬಾಗಿಲು ಕಚ್ಚಿಕೊಂಡುಬಿಡುತ್ತೆ."

ಉಪಯೋಗಿಸದೆ ಇಟ್ಟ ವಸ್ತು ಕೆಡುತ್ತದೆ ಎಂಬ ಮಾತು ಜೋಪಾನಪ್ಪನ ಕಿವಿಗೆ ಹೋಗುವುದುಂಟೇ? ಮರುದಿನ ಒಂದೇ ಒಂದು ಸಲ ಸ್ವಿಚ್ ಹಾಕಿದ. ಆ ಗುರುಗುಟ್ಟುವಿಕೆ ಕೇಳಿ ಅವನ ಎದೆ ಹಾರಿತು. ಇಂಜಿನ್ನಿನ ಕತ್ತು ಹಿಸುಕಿದ ಹಾಗಾಯಿತು. ಹೀಗೆ ದಿನಾ ಹಿಸುಕಿದರೆ ಇಂಜಿನ್ನೂ ಉಳಿಯದು, ಮಗಳು ಕೊಡಿಸಿದ ಬ್ರೇಕೂ ಸವೆದು ಹೋಗುತ್ತದೆ, ಕಷ್ಟಕಾಲಕ್ಕಿರಲಿ ಎಂದುಕೊಂಡ. ಅದೇ ಸಂಜೆ ಗಾಡಿಯ ಕೆಳಗೆ ತೂರಿ, ಆ ಬಾಗಿಲನ್ನು ಎಳೆಯುವ ಸಪೂರ ರಬ್ಬರ್ ಪೈಪನ್ನು ಕಿತ್ತು, ತುದಿಗೆ ಬಿರಡೆ ತುರುಕಿ, ತಂತಿಯಿಂದ ಅಂದವಾಗಿ ಕಟ್ಟಿ ಇಟ್ಟ. ಕಾಲಿನ ಬ್ರೇಕನ್ನೇ ನಂಬಿಕೊಂಡು, ನಡುನಡುವೆ ಗಾಡಿ ನಿಲ್ಲಿಸಿ ಗಾಲಿ ಆರಿಸಿಕೊಳ್ಳುತ್ತ, ಆಮೆಯ ಹಾಗೆ ಇಳಿಯುವುದನ್ನು ರೂಢಿ ಮಾಡಿಕೊಂಡ. ಮೂರು ವರ್ಷ ಹಾಗೇ ನಡೆಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಮೂರ್ಖತನ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮಗಳು ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. "ಬ್ರೇಕ್ ಹಾಕ್ತಿದ್ದೀಯಾ ಅಪ್ಪ?" "ಹಾಕದೆ ಇರ್ತೀನಾ?" "ಚೆನ್ನಾಗಿ ಹಿಡಿಯುತ್ತಾ?" "ಕೈ ಹಿಡಿದು ಇಳಿಸಿದ ಹಾಗೆ ಇಳಿಸುತ್ತೆ ಪುಟ್ಟಿ. ಮೂರನೇ ಗೇರಲ್ಲಿ ಹಾಕಿಬಿಟ್ರೆ ಆಯ್ತು, ಕಾಲು ಮಡಚಿಕೊಂಡು ಕೂತಿರಬಹುದು." ಸುಳ್ಳಿಗೆ ಇಷ್ಟೊಂದು ಕಸೂತಿ ಯಾಕೆ ಬೇಕಿತ್ತೋ ದೇವರೇ ಬಲ್ಲ. ಮಗಳ ಮುಖ ಅರಳುತ್ತಿತ್ತು, ಅದನ್ನು ನೋಡಲು ಇನ್ನೊಂದೆಳೆ ಸೇರಿಸುತ್ತಿದ್ದ.

ಮಗಳ ಕೆಲಸವೇನು ಗೊತ್ತೇ? ಲಿಫ್ಟ್ ತಪಾಸಣೆ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟಿನ ಹೊಂಡಕ್ಕಿಳಿದು, ಹಗ್ಗ ಹರಿದರೆ ಹಿಡಿಯುವ ಬ್ರೇಕು ನಿಜಕ್ಕೂ ಹಿಡಿಯುತ್ತದೆಯೇ ಎಂದು ಕೈಯಾರೆ ಪರೀಕ್ಷಿಸಿ ಸಹಿ ಹಾಕುವ ಕೆಲಸ. ಕಟ್ಟಡದ ಮಾಲೀಕರು ಏನು ಹೇಳಿದರೂ ನಂಬುವುದಿಲ್ಲ, ಹಳೆಯ ಚೀಟಿ ತೋರಿಸಿದರೆ ನೋಡುವುದೂ ಇಲ್ಲ. ಜಗತ್ತಿನಲ್ಲಿ ಯಾರ ಬಾಯಿಮಾತನ್ನೂ ನಂಬದ ಹುಡುಗಿ ನಂಬಿದ್ದು ಒಬ್ಬನ ಬಾಯಿಮಾತನ್ನು.

ಬೆಳಿಗ್ಗೆ ಕಾಫಿ ಕುಡಿಯುವಾಗಲೇ ಹೇಳಿಬಿಡಬೇಕೆಂದು ಜೋಪಾನಪ್ಪ ಬಾಯಿ ತೆರೆದ. ಹೆಂಡತಿ ಎದುರಿಗಿದ್ದಳು. ಗಾಡಿ ಹತ್ತುವಾಗ ಹೇಳೋಣವೆಂದುಕೊಂಡ. ಮಗಳು ಅವನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ, ಮಗುವಿನದೆಂಬಂತೆ ಮೆತ್ತಗೆ ಒಳಗಿಟ್ಟಳು. ಆಮೇಲೆ ಹೇಗೆ ಹೇಳುವುದು? ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಬೆಟ್ಟ ಹತ್ತುವ ಒಂಬತ್ತು ಕಿಲೋಮೀಟರೂ ಅವನು ತಿರುವುಗಳನ್ನು ಎಣಿಸುತ್ತ ಹೋದ. ಒಟ್ಟು ಏಳು. ಏಳನೆಯದಾದ ಮೇಲೆ ಗಣಿಯ ಗೇಟು ಬಂತು, ಮಾತು ಬರಲಿಲ್ಲ.

ಗಣಿಯಲ್ಲಿ ಮೇಸ್ತ್ರಿ ಚಪ್ಪಡಿಗಳನ್ನು ಒಂದೊಂದಾಗಿ ನಿಲ್ಲಿಸಿ ಹೇರಿಸಿದ. ಒಂದೊಂದು ಏರಿದಾಗಲೂ ಗಾಡಿಯ ಹಿಂಭಾಗ ಇಷ್ಟಿಷ್ಟೇ ಕುಸಿಯಿತು, ಜೋಪಾನಪ್ಪನ ಎದೆಯೂ ಕುಸಿಯಿತು. ಹಗ್ಗ ಬಿಗಿದಾದ ಮೇಲೆ ಮೇಸ್ತ್ರಿ ಸುಮ್ಮನಿರಲಾರದೆ, "ಬ್ರೇಕ್ ಎಲ್ಲ ಸರಿ ಇದೆ ತಾನೆ?" ಎಂದ. ಅವನು ಎಲ್ಲರನ್ನೂ ಹೀಗೆ ಕೇಳುವವನೇ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಜೋಪಾನಪ್ಪ "ಯಾಕೆ, ಯಾರೇನಂದ್ರು?" ಎಂದು ಸಿಡುಕಿದ.

ಮಗಳು ಚೀಟಿಗೆ ಸಹಿ ಹಾಕಲು ಆಫೀಸಿನೊಳಗೆ ಹೋದಳು. ಇದೇ ಸಮಯವೆಂದು ಜೋಪಾನಪ್ಪ ಲೋಡು ಹೇರುವ ಹಮಾಲಿಯನ್ನು ಸನ್ನೆ ಮಾಡಿ ಕರೆದ. ಹಮಾಲಿ ಐವತ್ತು ದಾಟಿದವನು, ಊರಿಗೆಲ್ಲ ಸಾಕಾಗುವಷ್ಟು ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬಾಯಿ.

"ಒಂದು ಉಪಕಾರ ಮಾಡಪ್ಪ. ಗಾಡಿ ಕೆಳಗೆ ಹೋಗು. ಹೊಗೆಕೊಳವೆ ಹತ್ರ ತಂತಿ ಸುತ್ತಿದ ಒಂದು ಪೈಪಿದೆ. ಬಿರಡೆ ಕಿತ್ತು, ಪಕ್ಕದ ಡಬ್ಬಿ ಮೂತಿಗೆ ಸಿಗಿಸಿಬಿಡು. ಬೇಗ."

ಹಮಾಲಿ ಕೆಳಗೆ ತೂರಿದ. ಒಳಗಿಂದಲೇ ಕೇಳಿದ: "ಯಜಮಾನ್ರೇ, ಇದನ್ನ ಕಟ್ಟಿದವರು ಯಾರು? ಉಡುಗೊರೆ ಪೊಟ್ಟಣ ಕಟ್ಟಿದ ಹಾಗೆ ಕಟ್ಟಿದ್ದಾರಲ್ಲ."

"ಬಾಯಿ ಮುಚ್ಚಿಕೊಂಡು ಕೆಲಸ ಮಾಡು."

ಎರಡು ನಿಮಿಷದಲ್ಲಿ ಪೈಪು ಸೇರಿತು. ಜೋಪಾನಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಮುಗಿಯಿತು, ಇನ್ನು ಹೇಳುವುದೇನೂ ಉಳಿಯಲಿಲ್ಲ, ಸುಳ್ಳು ಈಗ ನಿಜವಾಯಿತಲ್ಲ ಎಂದುಕೊಂಡ. ಮೆಕ್ಯಾನಿಕ್ಕಿನ ಮಾತು ಆಗಲೂ ಅವನಿಗೆ ನೆನಪಾಗಲಿಲ್ಲ.

ಮಗಳು ಬಂದು ಸೀಟಿನಲ್ಲಿ ಕೂತು, "ಇಳಿಯೋ ಮುಂಚೆ ಇಲ್ಲೇ ಒಂದ್ಸಲ ನೋಡೋಣ ಅಪ್ಪ, ಬ್ರೇಕ್ ಬಾಗಿಲು ಮುಚ್ಚುತ್ತಾ ಅಂತ" ಎಂದಳು. ಅವಳ ಕೆಲಸದ ಅಭ್ಯಾಸ.

ಹಮಾಲಿ ಇನ್ನೂ ಮೈಮೇಲಿನ ಮಣ್ಣು ಕೊಡವುತ್ತ ಅಲ್ಲೇ ನಿಂತಿದ್ದ. ಅವನು ಬಾಯಿ ಬಿಟ್ಟಾನೆಂಬ ಹೆದರಿಕೆಯಲ್ಲಿ ಜೋಪಾನಪ್ಪ, "ನಿಂತ ಗಾಡೀಲಿ ಅದೆಲ್ಲ ಗೊತ್ತಾಗಲ್ಲ ಪುಟ್ಟಿ. ಓಡ್ತಾ ಇರಬೇಕು. ನೀನು ಹೊರಡು" ಎಂದ.

ಅವಳು ಹೊರಟಳು. ಲಿಫ್ಟಿನವರು ಹಾಗೆ ಹೇಳಿದ್ದರೆ ಅವಳು ಕೆಳಗಿಳಿದು ನೋಡದೆ ಬಿಡುತ್ತಿರಲಿಲ್ಲ.

ಮೊದಲ ತಿರುವಿಗಿಂತ ಮುಂಚಿನ ಇಳಿಜಾರಿನಲ್ಲಿ ಮೂರನೇ ಗೇರಿಗೆ ಹಾಕಿ ಸ್ವಿಚ್ ಎಳೆದಳು. ಮೀಟರಿನ ಪಕ್ಕ ಪುಟ್ಟ ಹಸಿರು ದೀಪ ಹತ್ತಿತು. ಕಾಲು ತೆಗೆದಳು. ಜೋಪಾನಪ್ಪ ಕಿವಿ ನಿಮಿರಿಸಿ ಕೂತ. ಗುರುಗುಟ್ಟುವ ಸದ್ದು ಈಗ ಬರುತ್ತದೆ, ಈಗ ಬರುತ್ತದೆ. ಬರಲಿಲ್ಲ. ಇಂಜಿನ್ನು ತನ್ನ ಪಾಡಿಗೆ ತಾನು ಹಾಡುತ್ತಿತ್ತು, ಗಾಡಿ ತನ್ನ ಪಾಡಿಗೆ ತಾನು ಓಡುತ್ತಿತ್ತು.

ಆಗ ನೆನಪಾಯಿತು. ಮಸಿ ಕಟ್ಟಿ ಬಾಗಿಲು ಕಚ್ಚಿಕೊಂಡುಬಿಡುತ್ತೆ.

"ಇಷ್ಟೇನಾ ಅಪ್ಪ ಇದು ಹಿಡಿಯೋದು?" ಮಗಳು ಕಾಲಿನ ಬ್ರೇಕ್ ಒತ್ತುತ್ತ ಕೇಳಿದಳು. "ನನಗೇನೂ ಗೊತ್ತೇ ಆಗ್ತಿಲ್ಲ."

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಗಾಡಿ ಇನ್ನೂ ಮೆಲ್ಲಗಿತ್ತು, ಬ್ರೇಕು ತಣ್ಣಗಿತ್ತು. ಆದರೆ ಅವನ ನಾಲಿಗೆ ಮೂರು ವರ್ಷದ ಹಳೆಯ ದಾರಿಯಲ್ಲೇ ಹೋಯಿತು.

"ಲೋಡು ಜಾಸ್ತಿ ಇದೆಯಲ್ಲ, ಅದಕ್ಕೆ. ಬರುತ್ತೆ, ಬರುತ್ತೆ."

ಮೊದಲ ತಿರುವು, ಎರಡನೇ ತಿರುವು. ಅವಳು ಬ್ರೇಕ್ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಜೋಪಾನಪ್ಪನ ಬಲಗಾಲು ತಾನಾಗಿಯೇ ಕೆಳಗಿನ ಚಾಪೆಯನ್ನು ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಮಂಡಿಯಿಂದ ತೊಡೆಯವರೆಗೆ ನೋವು ಸುರಿಯುತ್ತಿತ್ತು.

"ಅಲ್ಲಿ ಪೆಡಲ್ ಇಲ್ಲ ಅಪ್ಪ," ಮಗಳು ನಕ್ಕಳು. "ನಿನ್ನ ಹೊಲಿಗೆ ಬಿಚ್ಚಿಹೋಗುತ್ತೆ."

"ಎರಡನೇ ಗೇರ್ ಹಾಕು ಪುಟ್ಟಿ."

"ಯಾಕೆ? ಮೂರರಲ್ಲಿ ಕಾಲು ಮಡಚಿಕೊಂಡು ಕೂತಿರಬಹುದು ಅಂದಿದ್ದೆ?"

ತಾನು ಹೆಣೆದ ಕಸೂತಿಯೇ ತನ್ನ ಕೊರಳಿಗೆ ಸುತ್ತಿಕೊಂಡಿತು. ಎರಡನೇ ಗೇರು ಯಾಕೆ ಬೇಕೆಂದು ಹೇಳಿದರೆ ಉಳಿದದ್ದನ್ನೂ ಹೇಳಬೇಕು. ಅವನು ಕಿಟಕಿಯ ಹೊರಗೆ ನೋಡಿದ. ಅಲ್ಲಿ ರಸ್ತೆಯಂಚಿನ ತಗ್ಗು ಗೋಡೆ, ಗೋಡೆಯಾಚೆ ಬಯಲು ಆಕಾಶ, ದೂರದ ಬುಡದಲ್ಲಿ ದಾರದಷ್ಟು ಸಣ್ಣಗೆ ರೈಲು ಹಳಿ. ಹಿಂದೆ ಎರಡೂವರೆ ಟನ್ ಕಲ್ಲು ಹಗ್ಗದಲ್ಲಿ ಕಿರುಗುಟ್ಟುತ್ತ ನಿಂತಿತ್ತು. ಮುಂದೆ ಜಾರಿದರೆ ಕ್ಯಾಬಿನ್ನಿನ ತಗಡು ಅದಕ್ಕೆ ಹಪ್ಪಳ. ಡ್ರೈವರ್ ಸೀಟಿನಲ್ಲಿ ತಾನಲ್ಲ, ಮಗಳು ಕೂತಿದ್ದಾಳೆ. ನಾನು ಹಾಳಾದರೆ ಹಾಳಾಗಲಿ, ಇವಳನ್ನು ಇಲ್ಲಿಗೆ ತಂದು ಕೂರಿಸಿದ್ದು ನನ್ನ ನಾಲಿಗೆ ಎಂದು ಯೋಚಿಸಿದ. ಆದರೂ ಬಾಯಿ ತೆರೆಯಲಿಲ್ಲ. ಅಪ್ಪಂದಿರ ಮರ್ಯಾದೆ ಎಂಥ ವಿಚಿತ್ರ ವಸ್ತು ನೋಡಿ, ಪ್ರಾಣ ಹೋಗುವ ಹೊತ್ತಿನಲ್ಲೂ ಅದಕ್ಕೆ ಇಸ್ತ್ರಿ ಮಾಡುತ್ತ ಕೂರುತ್ತಾರೆ.

ಮೂರನೇ ತಿರುವು ದಾಟಿದ ಮೇಲೆ ವಾಸನೆ ಬಂತು. ಕಬ್ಬಿಣ ಕಾದ, ರಬ್ಬರು ಸುಟ್ಟ ವಾಸನೆ. ಜೋಪಾನಪ್ಪನಿಗೆ ಅದು ಚೆನ್ನಾಗಿ ಗೊತ್ತು, ಮೂರೂವರೆ ವರ್ಷದ ಹಿಂದೆ ರೈಲ್ವೆ ಗೇಟಿನ ಮುಂದೆ ಅದನ್ನೇ ಕುಡಿದು ಕೂತಿದ್ದ. ಗಾಡಿಯ ಓಟ ನಲವತ್ತು ದಾಟಿತು.

"ಅಪ್ಪ." ಮಗಳ ದನಿ ಈಗ ಬೇರೆಯಾಗಿತ್ತು. "ಪೆಡಲ್ ಮೆತ್ತಗಾಗ್ತಿದೆ. ಒತ್ತಿದ್ರೆ ಕೆಳಗೆ ಹೋಗ್ತಿದೆ."

"ಪುಟ್ಟಿ, ಅದು ಕೆಲಸ ಮಾಡ್ತಿಲ್ಲ."

"ಯಾವುದು?"

"ಆ ಬ್ರೇಕು. ದೀಪ ಮಾತ್ರ ಹತ್ತುತ್ತೆ. ನಾನು ಪೈಪ್ ಕಿತ್ತಿಟ್ಟಿದ್ದೆ. ಈಗ ಹಾಕಿಸಿದೆ, ಆದರೆ ಬಾಗಿಲು ಕಚ್ಚಿಕೊಂಡಿದೆ. ನಾನು ಅದನ್ನ ಉಪಯೋಗಿಸೇ ಇಲ್ಲ. ಮೊದಲನೇ ದಿನ ಬಿಟ್ರೆ."

ಒಂದು ಕ್ಷಣ ಅವಳು ಅವನ ಕಡೆ ತಿರುಗಿದಳು. ಆ ನೋಟವನ್ನು ಅವನು ಸಾಯುವವರೆಗೆ ಮರೆಯುವವನಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದ. ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು. ಮರುಕ್ಷಣ ಕಣ್ಣು ರಸ್ತೆಗೆ ಹೋಯಿತು.

"ಈಗ ಏನು ಮಾಡ್ಲಿ? ನಿಜ ಹೇಳು."

"ಎರಡನೇ ಗೇರು. ಕ್ಲಚ್ ಒತ್ತಿದ ಕೂಡಲೇ ಗಾಡಿ ಓಡುತ್ತೆ, ಹೆದರಬೇಡ. ಜೋರಾಗಿ ರೇಸ್ ಕೊಟ್ಟು ಹಾಕು. ಸಿಕ್ಕ ಮೇಲೆ ಕ್ಲಚ್ ಮುಟ್ಟಲೇಬೇಡ."

ಅವಳು ಕ್ಲಚ್ ಒತ್ತಿದಳು. ಹಿಡಿದವರು ಕೈಬಿಟ್ಟಂತೆ ಗಾಡಿ ಮುಂದಕ್ಕೆ ಚಿಮ್ಮಿತು. ಗೇರು ಹಲ್ಲು ಕಡಿಯಿತು, ಒಳಗೆ ಹೋಗಲಿಲ್ಲ. ಮತ್ತೆ ಕಡಿಯಿತು. ಯಾವ ಗೇರೂ ಇಲ್ಲದೆ, ಬ್ರೇಕೂ ಇಲ್ಲದೆ ಎರಡೂವರೆ ಟನ್ ಕಲ್ಲು ನಾಲ್ಕನೇ ತಿರುವಿನ ಕಡೆ ಧಾವಿಸಿತು. ಗೋಡೆಯ ಬಿಳಿ ಸುಣ್ಣ ಹತ್ತಿರ ಹತ್ತಿರ ಬಂತು. ಜೋಪಾನಪ್ಪ ಗೇರಿನ ಗುಂಡಿಯ ಮೇಲಿದ್ದ ಮಗಳ ಕೈಯ ಮೇಲೆ ತನ್ನ ಕೈ ಇಟ್ಟ. ಬೆವರಿಗೆ ಎರಡೂ ಕೈ ಒದ್ದೆಯಾಗಿದ್ದವು.

"ಇನ್ನೂ ರೇಸ್ ಕೊಡು. ಇನ್ನೂ. ಈಗ."

ಇಬ್ಬರೂ ಸೇರಿ ತಳ್ಳಿದರು. ಗೇರು ಬಿತ್ತು. ಅವಳು ಕ್ಲಚ್ ಬಿಟ್ಟ ಕೂಡಲೇ ಇಂಜಿನ್ನು ಕಿರುಚಿಕೊಂಡಿತು, ಇಬ್ಬರೂ ಮುಂದಕ್ಕೆ ಬಾಗಿ ಬೆಲ್ಟಿಗೆ ಬಿದ್ದರು, ಹಿಂದೆ ಚಪ್ಪಡಿಗಳು ಧಡ್ ಎಂದು ಕ್ಯಾಬಿನ್ನಿಗೆ ಒರಗಿದವು. ಹಗ್ಗ ಹಿಡಿಯಿತು. ತಿರುವನ್ನು ಅವಳು ಗೋಡೆಗೆ ಮೈ ಉಜ್ಜಿದಂತೆ ದಾಟಿಸಿದಳು. ಕನ್ನಡಿ ಮುರಿದು ಹಾರಿತು. ತಿರುವಿನಾಚೆ ರಸ್ತೆ ಅಗಲವಾಗುವಲ್ಲಿ ರಿಪೇರಿಯವರು ಸುರಿದಿಟ್ಟ ಜಲ್ಲಿಯ ರಾಶಿಯಿತ್ತು. ಅವನು ಹೇಳುವ ಮುಂಚೆಯೇ ಅವಳು ಅದನ್ನು ನೋಡಿದ್ದಳು. ಕೈಬ್ರೇಕನ್ನು ಮೇಲಕ್ಕೆಳೆದು ಗಾಡಿಯ ಮೂತಿಯನ್ನು ಜಲ್ಲಿಯೊಳಗೆ ನುಗ್ಗಿಸಿದಳು. ಬಂಪರು ಮುಳುಗುವವರೆಗೆ ಹೋಗಿ ಗಾಡಿ ನಿಂತಿತು, ಇಂಜಿನ್ನು ಆರಿತು.

ನಾಲ್ಕೂ ಗಾಲಿಗಳಿಂದ ಹೊಗೆ ಏಳುತ್ತಿತ್ತು. ಇಬ್ಬರೂ ಬದುಕಿದ್ದರು. ಜೋಪಾನಪ್ಪನಿಗೆ ಮೊದಲು ಬಂದದ್ದು ಅಳು, ಅದನ್ನು ಹಿಂದೆ ತಳ್ಳಿ ಬಂದದ್ದು ಮಾತು. ಇಂಜಿನ್ನು ಹಳೆಯದಾಗಬಾರದು ಅಂತ, ನೀನು ಕೊಡಿಸಿದ್ದು ಸವೆಯಬಾರದು ಅಂತ, ಕಷ್ಟಕಾಲಕ್ಕೆ ಇರಲಿ ಅಂತ, ಇವತ್ತು ಬೆಳಿಗ್ಗೆ ಹೇಳಬೇಕು ಅಂತ, ಎಂದು ಒಂದೇ ಸಮನೆ ಹರಿಯಬಿಟ್ಟ. ಮಗಳು ಬಾಗಿಲು ತೆಗೆದು ಇಳಿದಳು. ರಸ್ತೆಯಂಚಿನ ಮೈಲಿಗಲ್ಲಿನ ಮೇಲೆ, ಅವನಿಗೆ ಬೆನ್ನು ಮಾಡಿ ಕೂತಳು. ಅವನು ಇಳಿಯಲು ಹೋದ, ಮಂಡಿ ಬಿಡಲಿಲ್ಲ. ತೆರೆದ ಬಾಗಿಲಲ್ಲಿ ಕಾಲು ನೇತುಹಾಕಿಕೊಂಡು ಆ ಬೆನ್ನನ್ನೇ ನೋಡುತ್ತ ಕೂತ.

ಗಾಲಿಗಳ ಹೊಗೆ ತೆಳುವಾದ ಮೇಲೆ ಅವಳು ತಿರುಗದೆಯೇ ಮಾತಾಡಿದಳು.

"ಆ ರೈಲ್ವೆ ಗೇಟಿನ ವಿಷಯ ಕೇಳಿದ ಮೇಲೆ ಆರು ತಿಂಗಳು ನನಗೆ ನಿದ್ದೆ ಇರಲಿಲ್ಲ ಅಪ್ಪ. ರೂಮಲ್ಲಿ ಮಲಗಿದ್ರೆ ನೀನು ಇಳೀತಿರೋದೇ ಕಾಣ್ತಿತ್ತು. ಬ್ರೇಕ್ ಹಾಕಿಸಿದ ಮೇಲೆ, ನೀನು ಚೆನ್ನಾಗಿ ಹಿಡಿಯುತ್ತೆ ಅಂದ ಮೇಲೆ, ಮಲಗೋಕೆ ಶುರು ಮಾಡಿದೆ. ಮೂರು ವರ್ಷ ನಿಶ್ಚಿಂತೆಯಿಂದ ಮಲಗಿದ್ದೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜೋಪಾನಪ್ಪ ಆ ಮೂರು ವರ್ಷದಲ್ಲಿ ಎಷ್ಟು ಸಲ ಈ ಇಳಿಜಾರು ಇಳಿದಿದ್ದ ಎಂದು ಲೆಕ್ಕ ಹಾಕಲು ಹೋಗಿ, ಹೆದರಿ ಬಿಟ್ಟುಬಿಟ್ಟ.

ಗಾಲಿ ಆರಲು ಒಂದೂವರೆ ಗಂಟೆ ಹಿಡಿಯಿತು, ಹೊಗೆಕೊಳವೆ ಕೈಗೆ ತಾಳುವಷ್ಟಾಗಲು ಇನ್ನೂ ಅರ್ಧ ಗಂಟೆ. ಆಮೇಲೆ ಮಗಳು ಎಲ್ಲಿಗೆ ಹೋದರೂ ಬಿಡದೆ ಒಯ್ಯುವ ತನ್ನ ಕೆಲಸದ ಚೀಲದಿಂದ ಕೈಗವಸು, ಸುತ್ತಿಗೆ, ತುಕ್ಕು ಬಿಡಿಸುವ ಎಣ್ಣೆ ತೆಗೆದು ಗಾಡಿಯ ಕೆಳಗೆ ತೂರಿದಳು. ಎಣ್ಣೆ ಹೊಡೆಯುವುದು, ಕಾಯುವುದು, ಮೆಲ್ಲಗೆ ಬಡಿಯುವುದು. ಟಕ್ ಟಕ್ ಟಕ್. ಆ ಸದ್ದು ಜೋಪಾನಪ್ಪನ ಸೀಟಿನ ಕೆಳಗೇ ಬರುತ್ತಿತ್ತು, ಪ್ರತಿ ಏಟೂ ತನಗೇ ಬಿದ್ದ ಹಾಗೆ ಅವನು ಮುದುಡುತ್ತಿದ್ದ. ಕೊನೆಗೆ ಕಿರ್ ಎಂದು ಏನೋ ಬಿಟ್ಟುಕೊಂಡಿತು. ಅವಳು ಹೊರಬಂದು ಇಂಜಿನ್ ಚಾಲೂ ಮಾಡಿ, ಮತ್ತೆ ಕೆಳಗೆ ಹೋದಳು.

"ಸ್ವಿಚ್ ಎಳಿ."

ಅವನು ಬಗ್ಗಿ ಎಳೆದ. ಕೆಳಗೆ ಟಪ್ ಎಂದಿತು, ಇಂಜಿನ್ನಿನ ದನಿ ದಪ್ಪಗಾಯಿತು.

"ಬಿಡು. ಮತ್ತೆ ಎಳಿ. ಮತ್ತೆ."

ಇಪ್ಪತ್ತು ಸಲ ಎಳೆಸಿದಳು. ಆಮೇಲೆ ಮುಖವೆಲ್ಲ ಮಸಿಯಾಗಿ ಎದ್ದು ಬಂದು, "ನಿಂತ ಗಾಡೀಲೂ ಗೊತ್ತಾಗುತ್ತೆ ಅಪ್ಪ" ಎಂದಳು. ಅಷ್ಟೇ ಹೇಳಿದ್ದು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಾಡಿಯನ್ನು ಜಲ್ಲಿಯಿಂದ ಹಿಂದಕ್ಕೆ ತೆಗೆದು, ಹಗ್ಗ ಮತ್ತೆ ಬಿಗಿದು, ಉಳಿದ ಮೂರು ತಿರುವುಗಳನ್ನು ಎರಡನೇ ಗೇರಿನಲ್ಲಿ ಇಳಿದರು. ಗಾಡಿ ಬೆಟ್ಟವೆಲ್ಲ ಕೇಳುವ ಹಾಗೆ ಗುರುಗುಟ್ಟಿತು. ಮಗಳ ಕಾಲು ಬ್ರೇಕಿನಿಂದ ದೂರವಿತ್ತು, ಗಾಡಿ ಮಾತ್ರ ಹಸು ನಡೆದ ಹಾಗೆ ನಡೆಯುತ್ತಿತ್ತು. ಯಾವ ಸದ್ದಿಗೆ ಹೆದರಿ ಮೂರು ವರ್ಷ ಕಳೆದನೋ ಅದು ಕಿವಿಗೆ ಇಷ್ಟು ಹಿತವಾಗಿರಬಹುದೆಂದು ಜೋಪಾನಪ್ಪನಿಗೆ ಗೊತ್ತಿರಲಿಲ್ಲ. ಅದನ್ನು ಮಗಳಿಗೆ ಹೇಳೋಣವೆಂದುಕೊಂಡ. ಹೇಳಿದರೆ ಅವಳು ನಂಬಬೇಕಲ್ಲ ಎಂದು ಸುಮ್ಮನಾದ.

ರಜೆ ಮುಗಿಸಿ ಮಗಳು ಹೋದಳು. ಹೋಗುವಾಗ ಎಂದಿನಂತೆ ಅಪ್ಪನ ಮಂಡಿ ಮುಟ್ಟಿ ನೋಡಿದಳು, ಔಷಧಿ ಎಣಿಸಿಟ್ಟಳು, ಅಮ್ಮನನ್ನು ತಬ್ಬಿಕೊಂಡಳು. ಯಾವುದರಲ್ಲೂ ಕಡಿಮೆಯಿರಲಿಲ್ಲ. ಆದರೆ ಅವನನ್ನು ಏನನ್ನೂ ಕೇಳಲಿಲ್ಲ. ಮಾತ್ರೆ ತಗೊಂಡೆಯಾ ಎಂಬುದನ್ನೂ ಅಮ್ಮನನ್ನೇ ಕೇಳಿದಳು. ಜೋಪಾನಪ್ಪ ಎದುರಿಗೇ ಕೂತಿದ್ದ.

ಎರಡು ತಿಂಗಳು ಕಳೆದು ಡಾಕ್ಟರು ಗಾಡಿ ಓಡಿಸಬಹುದೆಂದರು. ಮೊದಲ ಲೋಡಿನ ದಿನ ಬೆಳಿಗ್ಗೆಯೇ ಮಗಳ ಫೋನು ಬಂತು.

"ಮೇಲಿಂದ ಹೊರಡೋ ಮುಂಚೆ ನನಗೆ ಫೋನ್ ಮಾಡು. ಸ್ಪೀಕರ್ ಹಾಕಿ ಮುಂದೆ ಇಟ್ಟುಕೋ."

"ಯಾಕೆ ಪುಟ್ಟಿ? ಹಾಕ್ತೀನಿ ಅಂದ್ನಲ್ಲ."

"ನೀನು ಹೇಳ್ಬೇಡ ಅಪ್ಪ. ಕೇಳಿಸು."

ಹೆತ್ತ ಮಗಳು ಅಪ್ಪನ ಮಾತು ಬಿಟ್ಟು ಇಂಜಿನ್ನಿನ ಮಾತು ನಂಬುವ ಕಾಲ ಬಂತು. ಅವನಿಗೆ ಅವಮಾನವಾಯಿತು, ನೋವಾಯಿತು, ಬೆಳಗಿನ ತಿಂಡಿ ಸೇರಲಿಲ್ಲ. ಆದರೂ ಮಾಡಿದ. ಫೋನನ್ನು ಮುಂದಿನ ಹಲಗೆಯ ಮೇಲೆ ನಿಲ್ಲಿಸಿ, ಸ್ವಿಚ್ ಎಳೆದು, ಏಳೂ ತಿರುವು ಗುರುಗುಟ್ಟಿಸಿಕೊಂಡು ಇಳಿದ. ಆ ಕಡೆಯಿಂದ ಮಾತಿಲ್ಲ, ಉಸಿರು ಮಾತ್ರ. ರೈಲ್ವೆ ಗೇಟು ಬಂದಾಗ, "ಕೇಳಿಸ್ತಾ?" ಎಂದ. "ಕೇಳಿಸ್ತು. ಇಡ್ತೀನಿ" ಎಂದಳು. ಅಂದಿನಿಂದ ಪ್ರತಿ ಲೋಡಿಗೂ ಇದೇ ಕ್ರಮವಾಯಿತು.

ಮೊನ್ನೆ ಒಂದು ದಿನ ಲೋಡು ಹೇರಿ, ಹಗ್ಗ ಬಿಗಿದು, ಫೋನ್ ಮಾಡಿದರೆ ಮಗಳು ಎತ್ತಲಿಲ್ಲ. ಯಾವುದೋ ಲಿಫ್ಟಿನ ಹೊಂಡದಲ್ಲಿರಬೇಕು. ಜೋಪಾನಪ್ಪ ಸೀಟಿನಲ್ಲಿ ಕೂತು ಕಾಯ್ದ. ಕಾಲು ಗಂಟೆ, ಅರ್ಧ ಗಂಟೆ. ಹಿಂದಿನ ಲಾರಿಯವನು ಹಾರನ್ ಹೊಡೆದ. ಗಾಡಿಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಕಾಯ್ದ. ಮೀಸೆಯ ಹಮಾಲಿ ಬೀಡಿ ಕಚ್ಚಿಕೊಂಡು ಕಿಟಕಿಯ ಹತ್ತಿರ ಬಂದ.

"ಏನ್ ಯಜಮಾನ್ರೇ, ಗಾಡಿ ಕೆಟ್ಟಿದೆಯಾ?"

"ಇಲ್ಲ."

"ಬ್ರೇಕು?"

"ಚೆನ್ನಾಗಿದೆ."

"ಮತ್ತೆ ಇಳೀರಿ. ಮುಕ್ಕಾಲು ಗಂಟೆ ಆಯ್ತು ಕೂತು. ಮೂವತ್ತು ವರ್ಷ ಈ ಬೆಟ್ಟ ಇಳಿದವರು, ಇಳಿಯೋಕೆ ಈಗ ಮಗಳ ಅಪ್ಪಣೆ ಬೇಕಾ?"

ಜೋಪಾನಪ್ಪ ಫೋನಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಬೇಕು," ಎಂದ.